ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡೋಣ

ನಮ್ಮ ಕಂಪ್ಯೂಟರ್ ಲ್ಯಾಬಿನ ಪಕ್ಕದ ಸ್ಟೋರ್ ರೂಮಿನಲ್ಲಿ 14 ಹಳೆಯ ಕಂಪ್ಯೂಟರುಗಳು ಒಂದರ ಮೇಲೊಂದು ಕೂತಿರುವುದನ್ನು ನೀವೆಲ್ಲ ನೋಡಿದ್ದೀರಿ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಅವೆಲ್ಲವನ್ನೂ ಗುಜರಿಗೆ ಹಾಕುತ್ತಾರೆ ಎಂದು ಕೇಳಿದೆ. ಹಾಕಬಾರದು, ಕಡೇಪಕ್ಷ ಎಲ್ಲವನ್ನೂ ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ಇದನ್ನು ಬರೆಯಲು ನನಗೆ ಸ್ವಲ್ಪ ಸಂಕೋಚವೂ ಇದೆ. ನಮ್ಮ ಅಬ್ಬು ಗುಜರಿ ವ್ಯಾಪಾರದವರು. ಮೈಸೂರು ರಸ್ತೆಯ ಕಡೆ ಒಂದು ಚಿಕ್ಕ ಗೋಡೌನ್ ಇದೆ. ನನ್ನ ಕಾಲೇಜು ಫೀಸು ಬರುವುದು ಅಲ್ಲಿಂದಲೇ. ಆದರೆ ಆ ಗೋಡೌನಿನಲ್ಲಿ ಕೂತು ನೋಡಿದ್ದರಿಂದಲೇ ಈ ವಿಷಯ ನನ್ನ ತಲೆಗೆ ಹತ್ತಿತು. ಅಲ್ಲಿಗೆ ಬರುವ ಕಂಪ್ಯೂಟರ್ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ತಕ್ಕಡಿಯ ಮೇಲೆ ಎಂಟು ವರ್ಷದ್ದೂ ಹದಿನೆಂಟು ವರ್ಷದ್ದೂ ಒಂದೇ. ಕ್ಯಾಬಿನೆಟ್ಟಿನ ತಗಡು ಒಂದು ರಾಶಿ, ವೈರು ಒಂದು ರಾಶಿ, ಬೋರ್ಡು ಇನ್ನೊಂದು ರಾಶಿ. ಬೋರ್ಡಿಗೆ ರೇಟು ಚೆನ್ನಾಗಿ ಸಿಗುತ್ತದೆ. ನಗರದಲ್ಲಿ ಕೆಲವು ಕಡೆ ವೈರನ್ನು ಸುಟ್ಟು ತಾಮ್ರ ತೆಗೆಯುತ್ತಾರೆ. ಅಬ್ಬು ಸುಡುವುದಿಲ್ಲ. ನಿಮ್ಮಿಂದ ಕೊಂಡವರು ಏನು ಮಾಡುತ್ತಾರೆ ಎಂದು ಕೇಳಿದರೆ ಮಾತ್ರ ಮಾತು ಬದಲಿಸುತ್ತಾರೆ.

ಹೋದ ವರ್ಷ ಒಂದು ಆಫೀಸಿನ ಮಾಲಿನಲ್ಲಿ ವಿಪ್ರೊ ಲೇಬಲ್ ಇದ್ದ ಒಂದು ಕಂಪ್ಯೂಟರ್ ಬಂತು. ಕೋರ್ 2 ಡ್ಯುಯೋ ಪ್ರೊಸೆಸರ್, 1 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಪ್ಲಗ್ ಹಾಕಿದರೆ ಆನ್ ಆಯಿತು! ಅಬ್ಬು ಅದನ್ನು ಬಿಚ್ಚಲು ಸ್ಕ್ರೂಡ್ರೈವರ್ ಕೈಗೆ ಕೊಟ್ಟಿದ್ದರು. ನಾನು ಅದನ್ನು ಮನೆಗೆ ತಂದೆ. ಮನೆಯಲ್ಲಿ ನನ್ನ ಅಕ್ಕ ಬಿ.ಕಾಂ. ಓದುತ್ತಿದ್ದಾಳೆ, ತಮ್ಮ ಎಂಟನೇ ಕ್ಲಾಸು. ಮೂವರಿಗೂ ಸೇರಿ ಇದ್ದದ್ದು ಅಮ್ಮಿಯ ಒಂದು ಮೊಬೈಲ್. ಎಕ್ಸೆಲ್ ಶೀಟನ್ನು ಮೊಬೈಲಿನಲ್ಲಿ ತುಂಬಿ ನೋಡಿದವರಿಗೆ ಆ ಕಷ್ಟ ಗೊತ್ತು.

ಮೊದಲ ದಿನ ಯಾವ ವೆಬ್‌ಸೈಟೂ ತೆರೆಯಲಿಲ್ಲ. 'ಸುರಕ್ಷಿತವಲ್ಲ' ಎಂದು ಕೆಂಪು ಅಕ್ಷರದಲ್ಲಿ ಬರುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಮೂಲೆಯಲ್ಲಿದ್ದ ದಿನಾಂಕ ಕಣ್ಣಿಗೆ ಬಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಅಂದು ಜನವರಿ 1, 2008. ಮದರ್‌ಬೋರ್ಡಿನ ಮೇಲೆ ಒಂದು ನಾಣ್ಯದಂಥ ಬ್ಯಾಟರಿ ಇರುತ್ತದೆ, ಸಿಆರ್ 2032 ಎಂದು. ಅದು ಸತ್ತರೆ ಪ್ರತಿ ಸಲ ಸ್ವಿಚ್ ತೆಗೆದಾಗಲೂ ಗಡಿಯಾರ ಹಿಂದಕ್ಕೆ ಹೋಗುತ್ತದೆ. ವೆಬ್‌ಸೈಟುಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುವುದರಿಂದ 2008ರಲ್ಲಿ ಕೂತಿರುವ ಕಂಪ್ಯೂಟರ್ ಅದನ್ನು ನಂಬುವುದಿಲ್ಲ. ಬ್ಯಾಟರಿ ಯಾವ ವಾಚ್ ಅಂಗಡಿಯಲ್ಲಾದರೂ ಸಿಗುತ್ತದೆ. ಈ ಒಂದು ಕಾರಣಕ್ಕೇ 'ನೆಟ್ ಬರಲ್ಲ, ಹಾಳಾಗಿದೆ' ಎಂದು ಎಷ್ಟು ಕಂಪ್ಯೂಟರುಗಳನ್ನು ಎಸೆದಿದ್ದಾರೋ.

ಆಮೇಲೆ ಎಸ್.ಪಿ. ರಸ್ತೆಗೆ ಹೋದೆ. ಅಲ್ಲಿ ನಾನು ಪೆದ್ದನಾದೆ. ರ‍್ಯಾಮ್ ಎಂದರೆ ರ‍್ಯಾಮ್ ಎಂದುಕೊಂಡು ಡಿಡಿಆರ್ 3 ತಂದೆ. ನನ್ನ ಬೋರ್ಡಿಗೆ ಬೇಕಿದ್ದದ್ದು ಡಿಡಿಆರ್ 2. ಎರಡರ ಉದ್ದ ಒಂದೇ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಕೂರುವುದೇ ಇಲ್ಲ. ಇನ್ನೂ ಸ್ವಲ್ಪ ಒತ್ತಿದ್ದರೆ ಸ್ಲಾಟ್ ಮುರಿಯುತ್ತಿತ್ತು. ಅಂಗಡಿಯವರು ನಕ್ಕು ಬದಲಿಸಿ ಕೊಟ್ಟರು. 2 ಜಿಬಿಯ ಎರಡು ಹಳೆಯ ಕಡ್ಡಿ, 120 ಜಿಬಿಯ ಒಂದು ಎಸ್‌ಎಸ್‌ಡಿ. ಎಸ್‌ಎಸ್‌ಡಿ ಹೊಸದು, ಬೋರ್ಡು ಹಳೆಯದು, ಆದರೂ ಎರಡಕ್ಕೂ ಸಾಟಾ ಎಂಬ ಒಂದೇ ಜಾತಿಯ ಕನೆಕ್ಟರ್ ಇರುವುದರಿಂದ ಹೊಂದಿಕೊಂಡವು. ವೇಗ ಪೂರ್ತಿ ಬರುವುದಿಲ್ಲ, ಆದರೂ ಹಳೆಯ ಡಿಸ್ಕಿಗಿಂತ ಎಷ್ಟೋ ಮೇಲು. ಎಲ್ಲ ಸೇರಿ ಎರಡು ಸಾವಿರ ರೂಪಾಯಿಯ ಒಳಗೆ ಮುಗಿಯಿತು. ಅದರ ಮೇಲೆ ಲಿನಕ್ಸ್ ಮಿಂಟ್ ಹಾಕಿದೆ, ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ರೂಪ. ಅದಕ್ಕೆ ದುಡ್ಡಿಲ್ಲ. ಮೊದಲು ಆನ್ ಮಾಡಿ ವುಜೂ ಮಾಡಿ ಬರುವಷ್ಟು ಹೊತ್ತು ಬೇಕಾಗುತ್ತಿತ್ತು, ಈಗ ಅರ್ಧ ನಿಮಿಷ. ಯೂಟ್ಯೂಬ್ ಪಾಠ 480 ಗುಣಮಟ್ಟದಲ್ಲಿ ಸಲೀಸಾಗಿ ಓಡುತ್ತದೆ. ಅದಕ್ಕಿಂತ ಮೇಲೆ ಏರಿಸಿದರೆ ತಡವರಿಸುತ್ತದೆ, ಏರಿಸಬಾರದು ಅಷ್ಟೆ. ತಮ್ಮನ ಗೇಮಿಗೆ ಅದು ಬಾರದು, ಅದು ಅಮ್ಮಿಗೆ ಇಷ್ಟವೇ ಆಯಿತು.

ಇಷ್ಟೆಲ್ಲ ಹೇಳಿದ್ದು ನನ್ನ ಜಾಣತನ ತೋರಿಸಲು ಅಲ್ಲ. ಆ ಕಂಪ್ಯೂಟರಿನಲ್ಲಿ ನಿಜವಾಗಿ ಕೆಟ್ಟಿದ್ದದ್ದು ಒಂದು ಬ್ಯಾಟರಿ ಮಾತ್ರ. ಹಾಗಾದರೆ ಆಫೀಸಿನವರು ಯಾಕೆ ಎಸೆದರು? ಸಾಫ್ಟ್‌ವೇರ್ ಅದನ್ನು ಬಿಟ್ಟು ಮುಂದೆ ಹೋಯಿತು. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ನಮ್ಮ ಸ್ಟೋರ್ ರೂಮಿನ ಒಂದಕ್ಕೂ ಅದಿಲ್ಲ. ಅವು ಸೋತದ್ದು ಈ ತಾರೀಖುಗಳಿಗೆ. ತಯಾರಿಸಿದವರನ್ನು ಕೇಳೋಣವೆಂದರೆ ನಮ್ಮ ಬೆಂಗಳೂರಿನ ವಿಪ್ರೊ 2013ರಲ್ಲೇ ಕಂಪ್ಯೂಟರ್ ತಯಾರಿಕೆ ನಿಲ್ಲಿಸಿತು.

ಕಾಮರ್ಸ್‌ನವರಿಗೆ ಒಂದು ಲೆಕ್ಕ. ಆದಾಯ ತೆರಿಗೆಯ ಪ್ರಕಾರ ಕಂಪ್ಯೂಟರಿಗೆ ಸವಕಳಿ ವರ್ಷಕ್ಕೆ ಶೇ. 40, ಇಳಿಕೆ ಶೇಷ ಪದ್ಧತಿಯಲ್ಲಿ. 30,000 ರೂಪಾಯಿಯ ಕಂಪ್ಯೂಟರ್ ಹತ್ತು ವರ್ಷದ ಕೊನೆಗೆ ಪುಸ್ತಕದಲ್ಲಿ ಎಷ್ಟು? ಕ್ಯಾಲ್ಕುಲೇಟರಿನಲ್ಲಿ 0.6ನ್ನು ಹತ್ತು ಸಲ ಗುಣಿಸಿ ನೋಡಿ, 181 ರೂಪಾಯಿ ಬರುತ್ತದೆ. 181 ರೂಪಾಯಿಯ ಆಸ್ತಿಯನ್ನು ಗುಜರಿಗೆ ಕೊಟ್ಟು ಅದಕ್ಕಿಂತ ಹೆಚ್ಚು ತಂದರೆ ಲಾಭವೆಂದೇ ಬರೆದುಕೊಳ್ಳುತ್ತೇವೆ. ಆ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿ ದಿನಾ ಒಂದು ಗಂಟೆ ಕೂತು ಟೈಪಿಂಗ್ ಕಲಿತರೆ ಅದಕ್ಕೆ ಯಾವ ಖಾತೆಯೂ ಇಲ್ಲ. ಅಕೌಂಟೆನ್ಸಿ ಮೇಡಂ ಬೇಸರ ಮಾಡಿಕೊಳ್ಳಬಾರದು, ಪದ್ಧತಿ ತಪ್ಪು ಎಂದು ನಾನು ಹೇಳುತ್ತಿಲ್ಲ.

ಹಳೆಯದಕ್ಕೆ ಹೊಸ ಸಾಫ್ಟ್‌ವೇರ್ ಹಾಕುವುದು ಒಂದು ದಾರಿ. ಹಳೆಯದನ್ನು ಹಳೆಯದಾಗಿಯೇ ಇಟ್ಟುಕೊಳ್ಳುವುದು ಇನ್ನೊಂದು. ಮಾಗಡಿ ರಸ್ತೆಯ ಹತ್ತಿರ ನನ್ನ ಮಾಮೂ ಮದುವೆ ಕಾರ್ಡು ಮಾಡುವ ಚಿಕ್ಕ ಪ್ರೆಸ್ ಇಟ್ಟುಕೊಂಡಿದ್ದಾರೆ. ಒಂದು ಕಡೆ ಉರ್ದು, ಇನ್ನೊಂದು ಕಡೆ ಕನ್ನಡ. ಉರ್ದುವಿಗೆ ಇನ್‌ಪೇಜ್, ಕನ್ನಡಕ್ಕೆ ಪೇಜ್‌ಮೇಕರ್ 7ರಲ್ಲಿ ನುಡಿ ಫಾಂಟು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದಾದ ಮೇಲೆ ಇನ್ನೊಂದು ಆವೃತ್ತಿ ಬರಲೇ ಇಲ್ಲ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನ ಈಗಿನ ಆವೃತ್ತಿಗಳು ಪೇಜ್‌ಮೇಕರ್ ಫೈಲನ್ನು ತೆರೆಯುವುದೂ ಇಲ್ಲ. ತೆರೆದರೂ ಕಷ್ಟವಿದೆ. ಆ ಕಾಲದ ನುಡಿ ಫಾಂಟು ಯುನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವಧುವಿನ ಹೆಸರು ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತದೆ. ಇದರ ಜೊತೆ ಮಾಮೂ ಹತ್ತಿರ ಇರುವ ಒಂದು ಸಾಫ್ಟ್‌ವೇರಿಗೆ ಬೀಗವಿದೆ. ಬೀಗವೆಂದರೆ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಬೆರಳುದ್ದದ ಡಬ್ಬಿ. ಅದಿಲ್ಲದೆ ಓಡದು, ಮತ್ತು ಹೊಸ ಕಂಪ್ಯೂಟರುಗಳಲ್ಲಿ ಆ 25 ಪಿನ್ನಿನ ಪೋರ್ಟೇ ಇರುವುದಿಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ತಿರುಗಿಸುವ ಕೇಬಲ್ ತಂದು ನೋಡಿದರು. ಅಂಥ ಕೇಬಲ್ಲುಗಳು ಸಾಮಾನ್ಯವಾಗಿ ಪ್ರಿಂಟರಿಗೆ ಮಾತ್ರ, ಬೀಗಕ್ಕೆ ಆಗುವುದಿಲ್ಲ.

ಹಾಗಾಗಿ ಮಾಮೂ ಎಕ್ಸ್‌ಪಿ ಕಂಪ್ಯೂಟರನ್ನು ಮಗುವಿನಂತೆ ಕಾಪಾಡುತ್ತಾರೆ. ಅದಕ್ಕೆ ಇಂಟರ್ನೆಟ್ ವೈರ್ ಹಾಕಿಲ್ಲ, ಹಾಕಲೂಬಾರದು. ಬೆಂಬಲ ನಿಂತ ಎಕ್ಸ್‌ಪಿಯನ್ನು ನೆಟ್ಟಿಗೆ ಹಾಕುವುದು ಬಾಗಿಲು ತೆಗೆದಿಟ್ಟು ಊರಿಗೆ ಹೋದಂತೆ. ಪೆನ್‌ಡ್ರೈವ್ ಕೂಡ ಒಂದೇ ಒಂದು, ಅದನ್ನು ಬೇರೆಯವರಿಗೆ ಕೊಡುವುದಿಲ್ಲ. ಡಿಸ್ಕಿನ ಒಂದು ಪೂರ್ತಿ ನಕಲು ಮಾಡಿಟ್ಟಿದ್ದಾರೆ. ಎರಡನೇ ಕಂಪ್ಯೂಟರ್ ಒಂದನ್ನು ಬಿಡಿಭಾಗಗಳಿಗೆಂದೇ ಅಟ್ಟದ ಮೇಲೆ ಇಟ್ಟಿದ್ದಾರೆ. ಅದು ಹೋಗಿದ್ದು ನಮ್ಮ ಗೋಡೌನಿನಿಂದಲೇ.

ಲ್ಯಾಬ್ ಸರ್ ಹತ್ತಿರ ಈ ವಿಷಯ ಮಾತಾಡಿದಾಗ ಅವರು ಮೂರು ನಾಲ್ಕು ಮಾತು ಹೇಳಿದರು. ಅವರು ಹೇಳಿದ್ದರಲ್ಲಿ ಸತ್ಯವಿದೆ.

ಒಂದು, ಟ್ಯಾಲಿ. ಅದು ವಿಂಡೋಸ್‌ಗೆಂದೇ ಮಾಡಿದ್ದು. ಈಗಿನ ಟ್ಯಾಲಿಪ್ರೈಮ್ ಈ ಹಳೆಯ ಕಂಪ್ಯೂಟರುಗಳಿಗೆ ಅಲ್ಲ. ನಮ್ಮಲ್ಲಿ ಬಹಳ ಜನ ಮೊದಲ ಕೆಲಸಕ್ಕೆ ಸೇರುವುದು ಟ್ಯಾಲಿ ಗೊತ್ತು ಎಂಬ ಬಲದ ಮೇಲೆಯೇ. ಒಪ್ಪುತ್ತೇನೆ. ಟ್ಯಾಲಿ ಹೊಸ ಲ್ಯಾಬಿನಲ್ಲೇ ಇರಲಿ. ಆದರೆ ಹೊಸ ಲ್ಯಾಬಿನ ಕಂಪ್ಯೂಟರುಗಳ ಮುಂದೆ ಇಬ್ಬರು ಮೂವರು ಕೂರುವುದು ಯಾಕೆ? ಅರ್ಧ ಜನ ಮಾಡುತ್ತಿರುವುದು ಟ್ಯಾಲಿ ಅಲ್ಲ. ಪ್ರಾಜೆಕ್ಟ್ ಟೈಪ್ ಮಾಡುವುದು, ಶೀಟಿನಲ್ಲಿ ಟ್ರಯಲ್ ಬ್ಯಾಲೆನ್ಸ್ ಹಾಕುವುದು, ಸ್ಕಾಲರ್‌ಶಿಪ್ ಅರ್ಜಿ ತುಂಬುವುದು, ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರು ಪೈಥಾನ್ ಅಭ್ಯಾಸ ಮಾಡುವುದು. ಇವಕ್ಕೆ ಲಿಬ್ರೆ ಆಫೀಸೂ ಒಂದು ಬ್ರೌಸರೂ ಸಾಕು. ಅವರು ಆಚೆ ಹೋದರೆ ಟ್ಯಾಲಿಯವರಿಗೆ ಒಬ್ಬೊಬ್ಬರಿಗೆ ಒಂದೊಂದು ಸಿಗುತ್ತದೆ.

ಎರಡು, ಲಿನಕ್ಸ್ ನೋಡಿ ಮಕ್ಕಳು ಗಾಬರಿಯಾಗುತ್ತಾರೆ ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದೇ ಲಿನಕ್ಸ್‌ನಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಹತ್ತನೇ ಕ್ಲಾಸಿನ ಐಟಿ ಪರೀಕ್ಷೆಯನ್ನು ಅದರಲ್ಲೇ ಬರೆಯುತ್ತಾರೆ. ಅವರು ನಮಗಿಂತ ಚಿಕ್ಕವರು. ಇಷ್ಟು ದೂರ ಯಾಕೆ, ನಮ್ಮ ಊರಿನಲ್ಲೇ ಬನ್ನೇರುಘಟ್ಟ ರಸ್ತೆಯ ಕಡೆ ಗುರಪ್ಪನಪಾಳ್ಯದ ಸುದರ್ಶನ್ ಲೇಔಟಿನ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರವನ್ನು ಹಳೆಯ ಕಂಪ್ಯೂಟರು ಮತ್ತು ಲಿನಕ್ಸ್ ಇಟ್ಟುಕೊಂಡೇ ಕಟ್ಟಿದರು. ಕನ್ನಡ ಟೈಪಿಂಗ್ ಹೇಗೆ ಎಂದು ಕೇಳುವವರಿಗೆ: ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ 'ಕಗಪ' ಎಂದೇ ಇದೆ, ಕನ್ನಡ ಗಣಕ ಪರಿಷತ್ತಿನ ಹೆಸರು. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬಳಸುವ ಅದೇ ಜೋಡಣೆ. ಅದೇ ಪಟ್ಟಿಯಲ್ಲಿ ಉರ್ದುವೂ ಇದೆ. ನಾನು ಈ ಲೇಖನ ಟೈಪ್ ಮಾಡಿದ್ದು ಆ ವಿಪ್ರೊ ಕಂಪ್ಯೂಟರಿನಲ್ಲೇ, ನಡುವೆ ದಾದಿಗೆ ಉರ್ದುವಿನಲ್ಲಿ ಒಂದು ಕಾಗದವನ್ನೂ ಮಾಡಿಕೊಟ್ಟೆ.

ಮೂರು, ಕರೆಂಟು ಮತ್ತು ಹಟ. ಎಲ್ಲ ಹಳೆಯದನ್ನೂ ಉಳಿಸುತ್ತೇವೆ ಎನ್ನುವುದು ಹಟ, ಅದು ಬೇಡ. ನಾನು ಲೇಬಲ್ ನೋಡಿ ಎಣಿಸಿದಂತೆ 14ರಲ್ಲಿ ನಾಲ್ಕು ಪೆಂಟಿಯಂ 4. ಅವು ಕರೆಂಟು ಜಾಸ್ತಿ ತಿನ್ನುತ್ತವೆ, ಬಿಸಿಯಾಗುತ್ತವೆ, ಮತ್ತು ಅವುಗಳಲ್ಲಿ ಬಹಳಷ್ಟು 32 ಬಿಟ್‌ನವು. ಲಿನಕ್ಸ್ ಕೂಡ ಅವನ್ನು ನಿಧಾನವಾಗಿ ಬಿಡುತ್ತಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅವಕ್ಕೆ ಇನ್‌ಸ್ಟಾಲರ್ ಇಲ್ಲ. ಅವು ಹೋಗಲಿ. ಎರಡು ಡಬ್ಬಾ ಮಾನಿಟರುಗಳೂ ಹೋಗಲಿ, ಆದರೆ ಅವುಗಳ ಗಾಜಿನಲ್ಲಿ ಸೀಸವಿದೆ, ಒಡೆಯುವವರ ಕೈಗೆ ಕೊಡದೆ ನೋಂದಾಯಿತ ಇ-ತ್ಯಾಜ್ಯದವರಿಗೆ ಕೊಡಬೇಕು. ಇದನ್ನು ಅಬ್ಬುವೇ ಹೇಳಿದ್ದು, ಅವರು ಡಬ್ಬಾ ಮಾನಿಟರ್ ತೆಗೆದುಕೊಳ್ಳುವುದನ್ನು ಬಿಟ್ಟು ವರ್ಷಗಳಾದವು.

ಉಳಿದ ಹತ್ತನ್ನು ಬಿಚ್ಚಿ ನೋಡಬೇಕು. ಬೋರ್ಡಿನ ಮೇಲಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅದನ್ನು ಬಿಡಿಭಾಗಕ್ಕೆ ಇಡೋಣ. ಹತ್ತರಲ್ಲಿ ಆರು ಎದ್ದರೂ ಸಾಕು. ಹೊಳೆಯ ದಡದಲ್ಲಿ ಕೂತು ವುಜೂ ಮಾಡಿದರೂ ನೀರು ಪೋಲು ಮಾಡಬಾರದು ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ನಮ್ಮದು ಹೊಳೆಯಲ್ಲ, ಕಂಪ್ಯೂಟರ್ ಇಲ್ಲದ ಮನೆಗಳಿಂದ ಬರುವ ಮಕ್ಕಳೇ ಹೆಚ್ಚು ಇರುವ ಕಾಲೇಜು.

ಬೇಕಾಗಿರುವುದು ಸ್ಟೋರ್ ರೂಮಿನ ಕೀ, ಎರಡು ಶನಿವಾರ, ಮತ್ತು ಒಂದೊಂದಕ್ಕೆ ಹೆಚ್ಚೆಂದರೆ ಎರಡು ಸಾವಿರ ರೂಪಾಯಿ. ಮೊದಲು ಎರಡಕ್ಕೆ ಮಾತ್ರ ಖರ್ಚು ಮಾಡಿ ನೋಡೋಣ, ಅವು ಒಂದು ತಿಂಗಳು ಓಡದಿದ್ದರೆ ಮುಂದಿನದು ಬೇಡ. ನಮ್ಮ ಸೆಕ್ಷನ್ನಿನಲ್ಲಿ ಐದು ಜನ ಬರುತ್ತೇವೆ ಎಂದಿದ್ದಾರೆ, ಸೈನ್ಸ್‌ನವರೂ ಬಂದರೆ ಒಳ್ಳೆಯದು, ಅವರಿಗೆ ಸೋಲ್ಡರಿಂಗ್ ಬರುತ್ತದೆ. ಸ್ಕ್ರೂಡ್ರೈವರ್ ಸೆಟ್ಟೂ ಧೂಳು ಊದುವ ಮೆಷಿನ್ನೂ ಗೋಡೌನಿನಿಂದ ತರುತ್ತೇನೆ. ಕೊನೆಗೆ ಕೆಟ್ಟದ್ದನ್ನು ಯಾರಿಗೆ ಮಾರಬೇಕು ಎಂಬುದನ್ನು ಆಫೀಸಿನವರೇ ನಿರ್ಧರಿಸಲಿ, ಅಬ್ಬುವಿನ ನಂಬರನ್ನು ನಾನು ಕೊಡುವುದಿಲ್ಲ.