ಮೂವರು ಯಜಮಾನರು, ಮೂರು ಸ್ವಭಾವ

ವ್ಯಾಪಾರದಲ್ಲಿ ಮೇಲೆ ಬಂದವರ ಚರಿತ್ರೆಯನ್ನು ತೆರೆದರೆ ಸದ್ಗುಣಗಳ ಪಟ್ಟಿಯೊಂದು ಸಿಗುತ್ತದೆ: ಛಲ, ಸಾಹಸ, ಮಿತವ್ಯಯ, ದೂರದೃಷ್ಟಿ. ಕೆಳಗೆ ಬಿದ್ದವರ ಚರಿತ್ರೆಯಲ್ಲಿ ಸಿಗುವುದು ಇನ್ನೊಂದು ಪಟ್ಟಿ: ಹಟ, ಹುಂಬತನ, ಜಿಪುಣತನ, ಹಗಲುಗನಸು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಒಂದು ಸಂಶಯ ಮೂಡದಿರದು. ಛಲಕ್ಕೂ ಹಟಕ್ಕೂ, ಸಾಹಸಕ್ಕೂ ಹುಂಬತನಕ್ಕೂ ನಡುವೆ ಇರುವ ಅಂತರವಾದರೂ ಎಷ್ಟು? ಗೆದ್ದಾಗ ಒಂದು ಹೆಸರನ್ನೂ ಸೋತಾಗ ಮತ್ತೊಂದು ಹೆಸರನ್ನೂ ಪಡೆಯುವ ಒಂದೇ ಸ್ವಭಾವವಲ್ಲವೆ ಅದು?

ಮನುಷ್ಯರನ್ನು ಸ್ವಭಾವಕ್ಕೆ ತಕ್ಕಂತೆ ವಿಂಗಡಿಸುವ ಆಸೆ ಬಹಳ ಹಳೆಯದು. ಭಾರತೀಯರು ಸತ್ತ್ವ, ರಜಸ್ಸು, ತಮಸ್ಸು ಎಂದರು. ಗ್ರೀಕ್ ವೈದ್ಯರು ದೇಹದ ನಾಲ್ಕು ರಸಗಳಿಂದ ನಾಲ್ಕು ಬಗೆಯ ಜನರು ಹುಟ್ಟುವರೆಂದು ನಂಬಿದರು. 1921ರಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ ಅಂತರ್ಮುಖಿ, ಬಹಿರ್ಮುಖಿ ಎಂಬ ಮಾತುಗಳನ್ನು ಬಳಕೆಗೆ ತಂದನು. ಇಂದಿನ ದೊಡ್ಡ ಕಂಪನಿಗಳು ಪ್ರಶ್ನಪತ್ರಿಕೆಗಳನ್ನು ಕೊಟ್ಟು ಅಧಿಕಾರಿಗಳ ಸ್ವಭಾವವನ್ನು ಅಳೆಯುತ್ತವೆ. ಅರ್ಧ ಗಂಟೆಯ ಪ್ರಶ್ನೆಗಳಿಂದ ಮನುಷ್ಯನು ಪೂರ್ತಿ ತಿಳಿದುಬಿಡುವಂತಿದ್ದರೆ ಮದುವೆಯ ಮಾತುಕತೆಗಳು ಎಷ್ಟೋ ಸುಲಭವಾಗುತ್ತಿದ್ದವು!

ಅಷ್ಟಕ್ಕೂ, ಸ್ವಭಾವವು ಯಜಮಾನನನ್ನು ಹೇಗೆ ಎತ್ತಿ ಹೇಗೆ ಕೆಡಹುತ್ತದೆಂಬುದನ್ನು ಕಾಣಲು ಪ್ರಶ್ನಪತ್ರಿಕೆಯೇ ಬೇಕಿಲ್ಲ. ಅಮೆರಿಕದ ಮಿಷಿಗನ್ ಪ್ರಾಂತದ ಮೋಟಾರು ಉದ್ಯಮದ ಕಥೆ ಸಾಕು. ಅಲ್ಲಿ ಒಂದೇ ಕಾಲದಲ್ಲಿ, ಒಂದೇ ವ್ಯಾಪಾರದಲ್ಲಿ, ಒಬ್ಬರನ್ನೊಬ್ಬರು ಸ್ವಲ್ಪವೂ ಹೋಲದ ಮೂವರು ಕೈಹಾಕಿದರು.

ಮೊದಲನೆಯವನು ವಿಲಿಯಂ ಡ್ಯೂರಂಟ್. ಫ್ಲಿಂಟ್ ಎಂಬ ಊರಿನಲ್ಲಿ ಕುದುರೆಗಾಡಿಗಳ ಕಾರ್ಖಾನೆ ನಡೆಸಿ ಹೆಸರು ಮಾಡಿದ್ದ ಈತನು ಮಾತಿನ ಮಲ್ಲ, ಕನಸುಗಾರ. ಎದುರಿಗೆ ಕುಳಿತವರು ಎದ್ದು ಹೋಗುವ ವೇಳೆಗೆ ಅವರ ಹಣ ಈತನ ಉದ್ಯಮದಲ್ಲಿ ತೊಡಗಿರುತ್ತಿದ್ದಿತು. 1908ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯನ್ನು ಸ್ಥಾಪಿಸಿ, ಓಲ್ಡ್ಸ್‌ಮೊಬೀಲ್, ಕ್ಯಾಡಿಲಾಕ್ ಮುಂತಾದ ಕಂಪನಿಗಳನ್ನು ಸಂತೆಯಲ್ಲಿ ತರಕಾರಿ ಕೊಳ್ಳುವಂತೆ ಕೊಂಡನು. ಸಾಲ ಮೇಲೇರಿತು, 1910ರಲ್ಲಿ ಬ್ಯಾಂಕಿನವರು ಅಧಿಕಾರವನ್ನು ಕಿತ್ತುಕೊಂಡರು. ಬೇರೊಬ್ಬನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಡ್ಯೂರಂಟನು ಮರುವರ್ಷವೇ ಷೆವರ್ಲೆ ಕಂಪನಿಯನ್ನು ಆರಂಭಿಸಿ, ಅದರ ಬಲದಿಂದ 1916ರಲ್ಲಿ ಜನರಲ್ ಮೋಟಾರ್ಸನ್ನು ಮರಳಿ ಗೆದ್ದನು. ನಾಲ್ಕು ವರ್ಷಗಳ ತರುವಾಯ ಷೇರುಗಳ ಬೆಲೆ ಇಳಿಯತೊಡಗಿದಾಗ ಅದನ್ನು ತಡೆಯಲು ಸಾಲದ ಹಣದಿಂದ ತನ್ನ ಕಂಪನಿಯ ಷೇರುಗಳನ್ನೇ ಕೊಳ್ಳುತ್ತ ಹೋಗಿ ಎರಡನೆಯ ಬಾರಿ ಎಲ್ಲವನ್ನೂ ಕಳೆದುಕೊಂಡನು. 1936ರಲ್ಲಿ ದಿವಾಳಿ. ಕಡೆಗಾಲದಲ್ಲಿ ಆತನು ಫ್ಲಿಂಟಿನಲ್ಲಿ ಬೌಲಿಂಗ್ ಆಟದ ಮನೆಯೊಂದನ್ನು ನಡೆಸುತ್ತಿದ್ದನು. ಆಗಲೂ ಹೊಸ ಯೋಜನೆಗಳಿಗೆ ಕೊರತೆಯಿರಲಿಲ್ಲವಂತೆ!

ಎರಡನೆಯವನು ಹೆನ್ರಿ ಫೋರ್ಡ್. ರೈತನ ಮಗ, ಯಂತ್ರದ ಹುಚ್ಚು, ಮಿತಭಾಷಿ, ಹಿಡಿದುದನ್ನು ಬಿಡದವನು. ಎರಡು ಕಂಪನಿಗಳು ಕೈಗೂಡದೆ ಹೋದ ಮೇಲೆ 1903ರಲ್ಲಿ ಮೂರನೆಯದನ್ನು ಕಟ್ಟಿದನು. ಸಾಮಾನ್ಯ ರೈತನೂ ಕೊಳ್ಳಬಲ್ಲ ಒಂದೇ ಒಂದು ಕಾರನ್ನು ಮಾಡಬೇಕು, ಅದನ್ನೇ ಮಾಡುತ್ತಿರಬೇಕು, ಬೆಲೆಯನ್ನು ಇಳಿಸುತ್ತಲೇ ಇರಬೇಕು: ಆತನ ತಲೆಯಲ್ಲಿದ್ದುದು ಇದೊಂದೇ. 1908ರಲ್ಲಿ ಹೊರಬಂದ ‘ಮಾಡೆಲ್ ಟಿ’ ಕಾರಿನ ಬೆಲೆ 850 ಡಾಲರು. 1913ರಲ್ಲಿ ಕಾರಿನ ಚೌಕಟ್ಟೇ ಚಲಿಸುತ್ತ ಕೆಲಸಗಾರನ ಮುಂದೆ ಬರುವ ಏರ್ಪಾಟಾದಾಗ, ಹನ್ನೆರಡು ಗಂಟೆಗೂ ಮಿಕ್ಕಿ ಹಿಡಿಯುತ್ತಿದ್ದ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಬೆಲೆಯೂ ಇಳಿಯುತ್ತ 1920ರ ದಶಕದ ನಡುವೆ ತೀರ ಅಗ್ಗದ ಮಾದರಿಗೆ 260 ಡಾಲರಾಯಿತು. ನೂರು ಬುದ್ಧಿವಂತರು ನೂರು ದಾರಿ ಹಿಡಿಯುತ್ತಿದ್ದಾಗ ಒಂದೇ ದಾರಿಯಲ್ಲಿ ನಡೆದವನ ಗೆಲುವು ಅದು. 1921ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಫೋರ್ಡನವೇ.

ಈ ಗೆಲುವಿನಲ್ಲಿ ಇನ್ನೊಬ್ಬನ ಪಾಲಿದ್ದುದನ್ನು ಅನೇಕರು ಮರೆಯುತ್ತಾರೆ. ಕಲ್ಲಿದ್ದಲು ವ್ಯಾಪಾರಿಯೊಬ್ಬನ ಗುಮಾಸ್ತನಾಗಿದ್ದ ಜೇಮ್ಸ್ ಕಝೆನ್ಸ್ ಎಂಬಾತನು ಫೋರ್ಡ್ ಕಂಪನಿಯ ಲೆಕ್ಕ, ಮಾರಾಟ, ಹಣಕಾಸುಗಳನ್ನು ಬಿಗಿ ಮುಷ್ಟಿಯಲ್ಲಿ ಹಿಡಿದಿದ್ದನು. ನಗುವೇ ಅಪರೂಪವಾಗಿದ್ದ ಈ ಸಿಡುಕನಿಗೆ ಯಜಮಾನನ ಮುಖದೆದುರು ‘ಕೂಡದು’ ಎನ್ನುವ ಧೈರ್ಯವಿದ್ದಿತು. 1914ರಲ್ಲಿ ಎಂಟು ಗಂಟೆಯ ದುಡಿಮೆಗೆ 5 ಡಾಲರು ಕೂಲಿ ಎಂದು ಸಾರಿ ಲೋಕವನ್ನೇ ಬೆರಗುಗೊಳಿಸಿದ ತೀರ್ಮಾನದಲ್ಲಿಯೂ ಆತನ ಒತ್ತಾಯವಿದ್ದಿತು. ಮರುವರ್ಷ, ಯುದ್ಧದ ಬಗೆಗಿನ ಫೋರ್ಡನ ಅಭಿಪ್ರಾಯಗಳು ಕಂಪನಿಯ ಪತ್ರಿಕೆಯಲ್ಲಿ ಅಚ್ಚಾಗುವುದನ್ನು ಕಝೆನ್ಸ್ ವಿರೋಧಿಸಿದನು. ಮಾತಿಗೆ ಮಾತು ಬೆಳೆದು ಹುದ್ದೆಯನ್ನು ಬಿಟ್ಟು ನಡೆದನು. 1919ರಲ್ಲಿ ಉಳಿದ ಪಾಲುದಾರರೆಲ್ಲರ ಷೇರುಗಳನ್ನೂ ಫೋರ್ಡನು ಕೊಂಡುಕೊಂಡನು. ಅಂದಿನಿಂದ ಆ ಕಾರ್ಖಾನೆಯಲ್ಲಿ ‘ಕೂಡದು’ ಎನ್ನುವವರು ಉಳಿಯಲಿಲ್ಲ.

ಆಗಲೂ ಆತನು ಹಿಂದಿದ್ದ ಮನುಷ್ಯನೇ. ಬದಲಾದುದು ಸುತ್ತಲಿನ ಲೋಕ. ಜನರ ಕೈಯಲ್ಲಿ ಹಣವಾಡತೊಡಗಿದ್ದಿತು, ರಸ್ತೆಗಳು ಸುಧಾರಿಸಿದ್ದವು, ಕಾರು ಚಂದವಾಗಿಯೂ ಇರಬೇಕೆಂಬ ಆಸೆ ಹುಟ್ಟಿದ್ದಿತು. 1914ರಿಂದ 1925ರ ವರೆಗೆ ಮಾಡೆಲ್ ಟಿ ಕಾರು ಕಪ್ಪು ಬಣ್ಣವೊಂದರಲ್ಲೇ ಸಿಗುತ್ತಿದ್ದಿತು! 1912ರಲ್ಲಿಯೇ ಫೋರ್ಡನು ಯೂರೋಪಿಗೆ ಹೋಗಿದ್ದಾಗ ಕೈಕೆಳಗಿನವರು ಕಾರನ್ನು ತಿದ್ದಿ, ಕೆಂಪು ಬಣ್ಣ ಹೊಡೆದು ನಿಲ್ಲಿಸಿದ್ದರಂತೆ. ಹಿಂದಿರುಗಿದ ಯಜಮಾನನು ಅದನ್ನೊಮ್ಮೆ ಸುತ್ತಿ ನೋಡಿ, ಬಾಗಿಲನ್ನು ಕೈಯಿಂದಲೇ ಕಿತ್ತೆಸೆದನೆಂದು ಅಂದಿನ ಕೆಲಸಗಾರರೊಬ್ಬರ ನೆನಪು. 1926ರಲ್ಲಿ ಅರ್ನೆಸ್ಟ್ ಕಾನ್ಸ್‌ಲರ್ ಎಂಬ ಅಧಿಕಾರಿಯು, ಹೊಸ ಕಾರಿಲ್ಲದೆ ಗತಿಯಿಲ್ಲವೆಂದು ಬಹು ವಿನಯದಿಂದ ಪತ್ರ ಬರೆದು ಒಪ್ಪಿಸಿದನು. ಈತನು ಹೊರಗಿನವನಲ್ಲ, ಫೋರ್ಡನ ಏಕಮಾತ್ರ ಪುತ್ರ ಎಡ್ಸೆಲನ ಷಡ್ಡಕ. ಕೆಲವೇ ತಿಂಗಳಲ್ಲಿ ಆತನ ಕೆಲಸ ಹೋಯಿತು. ಮರುವರ್ಷದ ಮೇ ತಿಂಗಳಲ್ಲಿ, ಒಂದೂವರೆ ಕೋಟಿಯನ್ನು ಮುಟ್ಟಿದ ಮಾಡೆಲ್ ಟಿ ನಿಂತೇ ಹೋಯಿತು. ಮುಂದಿನ ಕಾರು ಸಿದ್ಧವಿಲ್ಲದ್ದರಿಂದ ಕಾರ್ಖಾನೆಗಳು ತಿಂಗಳುಗಟ್ಟಲೆ ಮುಚ್ಚಿದವು; ಅದು ಪೇಟೆಗೆ ಬಂದುದು ಡಿಸೆಂಬರಿನಲ್ಲಿ. ಆ ಅವಧಿಯಲ್ಲಿ ಕೂಲಿಯಿಲ್ಲದೆ ಮನೆಯಲ್ಲಿ ಕುಳಿತ ಸಾವಿರಾರು ಸಂಸಾರಗಳಿಗೆ ಯಜಮಾನನ ಸ್ವಭಾವವೆಂಬುದು ಬರಿಯ ಮನಶ್ಶಾಸ್ತ್ರದ ವಿಷಯವಾಗಿರಲಿಲ್ಲ.

ಎಡ್ಸೆಲನ ಪಾಡು ಇನ್ನೂ ಕಷ್ಟದ್ದು. 1919ರಿಂದ ಕಂಪನಿಯ ಅಧ್ಯಕ್ಷನೆಂಬ ಹೆಸರು ಆತನದು. ಅಧಿಕಾರ ಮಾತ್ರ ತಂದೆಯದು. ಸೌಮ್ಯ, ಸುಸಂಸ್ಕೃತ, ಕಾರಿನ ರೂಪರೇಖೆಗಳಲ್ಲಿ ಒಳ್ಳೆಯ ಅಭಿರುಚಿ ಉಳ್ಳವನು. ತಂದೆಗೆ ಆತನಲ್ಲಿ ಪ್ರೀತಿ ಇರಲಿಲ್ಲವೆನ್ನಲಾಗದು. ಆದರೆ ಮೃದುತ್ವವು ಆ ತಂದೆಯ ಕಣ್ಣಿಗೆ ದೌರ್ಬಲ್ಯವಾಗಿ ಕಂಡಿತು. ಮಗನ ಅಪ್ಪಣೆಗಳನ್ನು ಎಲ್ಲರೆದುರಿಗೆ ರದ್ದುಪಡಿಸುವನು. ಕಾರ್ಖಾನೆಯ ಕಾವಲು ಪಡೆಯ ಮುಖ್ಯಸ್ಥ ಹ್ಯಾರಿ ಬೆನೆಟ್ ಎಂಬ ಗಟ್ಟಿಗನನ್ನು ಮಗನಿಗಿಂತ ಹೆಚ್ಚಾಗಿ ನಂಬುವನು. 1943ರಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ಎಡ್ಸೆಲನು ತೀರಿಕೊಂಡಾಗ ವಯಸ್ಸು 49.

ಮೂರನೆಯವನು ಆಲ್‌ಫ್ರೆಡ್ ಸ್ಲೋನ್. ತೆಳ್ಳನೆಯ ಮೈ, ಮಂದವಾದ ಕಿವಿ, ಅಂಕಿಗಳಲ್ಲಿ ಅಪಾರ ಶ್ರದ್ಧೆ. ಡ್ಯೂರಂಟನ ಕೈಕೆಳಗಿದ್ದಾಗ, ಚೆಲ್ಲಾಪಿಲ್ಲಿಯಾಗಿದ್ದ ಕಂಪನಿಯನ್ನು ಕ್ರಮಕ್ಕೆ ತರುವ ಯೋಜನೆಯೊಂದನ್ನು ಬರೆದುಕೊಟ್ಟನು. ಡ್ಯೂರಂಟನು ಚೆನ್ನಾಗಿದೆಯೆಂದನು, ಆದರೆ ಆಚರಣೆಗೆ ತರಲಿಲ್ಲ. ಡ್ಯೂರಂಟನು ಹೋದ ಮೇಲೆ ಅದೇ ಯೋಜನೆ ಜನರಲ್ ಮೋಟಾರ್ಸಿನ ಬೆನ್ನೆಲುಬಾಯಿತು. 1923ರಲ್ಲಿ ಸ್ಲೋನನು ಅಧ್ಯಕ್ಷನಾದನು. ಒಂದೊಂದು ವರಮಾನದವರಿಗೆ ಒಂದೊಂದು ಕಾರು, ಬಗೆಬಗೆಯ ಬಣ್ಣ, ಕಂತಿನಲ್ಲಿ ಹಣ ಕಟ್ಟುವ ಅನುಕೂಲ. ಫೋರ್ಡನನ್ನು ಬಿಟ್ಟುಬಂದಿದ್ದ ವಿಲಿಯಂ ಕ್ನೂಡ್ಸೆನ್‌ನನ್ನು ಷೆವರ್ಲೆ ವಿಭಾಗಕ್ಕೆ ಹಾಕಿದನು. ಫೋರ್ಡನ ಮಾರುಕಟ್ಟೆಯನ್ನು ತಿಂದುಹಾಕಿದುದು ಆ ಕಾರೇ. ಸಭೆಯೊಂದರಲ್ಲಿ ಎಲ್ಲರೂ ಒಮ್ಮತದಿಂದ ತಲೆಯಾಡಿಸಿದಾಗ, ಭಿನ್ನಾಭಿಪ್ರಾಯ ಹುಟ್ಟಲು ಅವಕಾಶವಾಗಲೆಂದು ಸ್ಲೋನನು ತೀರ್ಮಾನವನ್ನೇ ಮುಂದಕ್ಕೆ ಹಾಕಿದನೆಂದು ಒಂದು ಕಥೆಯುಂಟು. ಕಥೆ ನಿಜವೋ ಅಲ್ಲವೋ, ಫೋರ್ಡನ ಬಗ್ಗೆ ಅಂಥದು ಹುಟ್ಟುವುದಂತೂ ಸಾಧ್ಯವಿರಲಿಲ್ಲ.

ಆದರೆ ಅಂಕಿಗಳಲ್ಲಿ ಕಾಣದುದು ಸ್ಲೋನನಿಗೂ ಕಾಣಲಿಲ್ಲ. 1936ರ ಡಿಸೆಂಬರ್ 30ರಂದು ಫ್ಲಿಂಟಿನ ಕೆಲಸಗಾರರು ಯಂತ್ರಗಳನ್ನು ನಿಲ್ಲಿಸಿ ಕಾರ್ಖಾನೆಯೊಳಗೇ ಕುಳಿತರು. ಯಂತ್ರದ ವೇಗಕ್ಕೆ ಮೈ ಮುರಿದುಹೋಗುತ್ತಿದೆ, ನಮ್ಮ ಸಂಘದೊಡನೆ ಮಾತನಾಡಿ ಎಂಬುದು ಅವರ ಬೇಡಿಕೆ. ಅವರು ಜಾಗ ತೆರವು ಮಾಡುವ ತನಕ ಮಾತುಕತೆಯಿಲ್ಲವೆಂದು ಸ್ಲೋನನು ಪಟ್ಟುಹಿಡಿದನು. ವರದಿಗಳನ್ನು ತಣ್ಣನೆಯ ಮನಸ್ಸಿನಿಂದ ತೂಗಿ ನೋಡುವ ಶಕ್ತಿಯೇ ಇಲ್ಲಿ ಮನುಷ್ಯರನ್ನು ಕಾಣದ ಕುರುಡಾಯಿತೆನ್ನಬೇಕು. 44 ದಿನಗಳ ತರುವಾಯ ಕಂಪನಿಯು ಸಂಘವನ್ನು ಒಪ್ಪಿಕೊಳ್ಳಲೇಬೇಕಾಯಿತು. ಅಷ್ಟರ ಮಟ್ಟಿಗೆ, ಹಟದಲ್ಲಿ ಸ್ಲೋನನು ಫೋರ್ಡನ ಸೋದರನೇ.

ಎಡ್ಸೆಲನ ಮರಣಾನಂತರ ಎಂಬತ್ತನ್ನು ಸಮೀಪಿಸಿದ್ದ ಹೆನ್ರಿ ಫೋರ್ಡ್ ಮತ್ತೆ ಅಧ್ಯಕ್ಷನಾದನು. ನೆನಪು ಕುಂದಿದ್ದಿತು, ಕಂಪನಿ ಹಣ ಕಳೆದುಕೊಳ್ಳುತ್ತಿದ್ದಿತು, ಎದುರಾಡುವ ಗಂಡಸರಿರಲಿಲ್ಲ. ಎದುರಾಡಿದವರು ಮನೆಯ ಹೆಂಗಸರು. ಎಡ್ಸೆಲನ ವಿಧವೆ ಎಲಿನಾರ್, ಮಗನಿಗೆ ಅಧಿಕಾರ ಬಿಟ್ಟುಕೊಡದಿದ್ದರೆ ತನ್ನ ಪಾಲಿನ ಷೇರುಗಳನ್ನು ಮಾರಿಬಿಡುವುದಾಗಿ ಮಾವನಿಗೆ ತಿಳಿಸಿದಳು. ಅತ್ತೆ ಕ್ಲಾರಾ ಸೊಸೆಯ ಪಕ್ಷ ವಹಿಸಿದಳು. 1945ರ ಸೆಪ್ಟೆಂಬರಿನಲ್ಲಿ 28 ವರ್ಷದ ಮೊಮ್ಮಗ, ಎರಡನೆಯ ಹೆನ್ರಿ ಫೋರ್ಡ್, ಅಧ್ಯಕ್ಷನಾದನು. ಆತನು ಮೊದಲು ಮಾಡಿದ ಕೆಲಸ ಬೆನೆಟನನ್ನು ಹೊರಗೆ ಕಳುಹಿಸಿದ್ದು. ಮರುವರ್ಷ, ಕಂಪನಿಯನ್ನು ಹೊಸದಾಗಿ ಕಟ್ಟಲೆಂದು, ಸ್ಲೋನನ ಗರಡಿಯಲ್ಲೇ ಪಳಗಿದ್ದ ಅರ್ನೆಸ್ಟ್ ಬ್ರೀಚ್ ಎಂಬಾತನನ್ನು ಕರೆತಂದನು. ಈ ಆಯ್ಕೆಯಲ್ಲಿ ತರುಣನಿಗೆ ಸಲಹೆಗಾರನಾಗಿದ್ದವನು, ಇಪ್ಪತ್ತು ವರ್ಷಗಳ ಹಿಂದೆ ಪತ್ರ ಬರೆದು ಕೆಲಸ ಕಳೆದುಕೊಂಡಿದ್ದ ಕಾನ್ಸ್‌ಲರ್.