ಕೈ ಹಚ್ಚುವ ಮೊದಲು

ಹೋದ ಕಾರ್ತಿಕದ ಒಂದು ಬೆಳಿಗ್ಗೆ. ಹಾಲು ಕಾಯಲು ಇಟ್ಟು ಒಲೆ ಮುಂದೆ ನಿಂತಿದ್ದೆ. ಹರಿಹರದ ಹುಡುಗಿಯ ಫೋನ್ ಬಂತು. ಅವಳು ಆ ಹೊತ್ತಿಗೆ ಫೋನ್ ಮಾಡುವವಳೇ ಅಲ್ಲ. ಯಾವುದಾದರೂ ಬಾಣಂತಿಯ ಮನೆಯಲ್ಲಿ ಎಣ್ಣೆ ಬೆಚ್ಚಗೆ ಮಾಡುತ್ತಿರಬೇಕಾದ ಸಮಯ ಅದು.

"ಅಕ್ಕಾ, ನಾನು ಕೈ ಹಚ್ಚಲಿಲ್ಲ. ವಾಪಸ್ ಬಂದ್ಬಿಟ್ಟೆ. ಅವರು ಬೈದ್ರು."

ದನಿ ನಡುಗುತ್ತಿತ್ತು. ಹಿಂದೆ ಬಸ್ಸಿನ ಹಾರನ್ನು. ಏನಾಯಿತು, ಯಾಕಾಯಿತು ಅಂತ ನಾನು ಕೇಳಲಿಲ್ಲ. "ಆಯ್ತು, ಮೊದಲು ಏನಾದ್ರೂ ತಿನ್ನು. ಆಮೇಲೆ ಸೀದಾ ಶಾಮನೂರಿಗೆ ಬಾ" ಅಂದೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತ್ತು.

ನನ್ನ ಕೆಲಸ ಏನು ಅಂತ ಈ ಅಂಕಣ ಓದುವವರಿಗೆ ಹೇಳಬೇಕು. ಇಪ್ಪತ್ತೆರಡು ವರ್ಷದಿಂದ ಮೈಗೆ ಎಣ್ಣೆ ಹಚ್ಚಿ ತಿಕ್ಕುವುದೇ ನನ್ನ ಕಸುಬು. ಮೊದಲ ಒಂಬತ್ತು ವರ್ಷ ಒಂದು ಆಯುರ್ವೇದ ಚಿಕಿತ್ಸಾಲಯದ ಪಂಚಕರ್ಮ ವಿಭಾಗದಲ್ಲಿದ್ದೆ. ಆಮೇಲೆ ಸ್ವಂತಕ್ಕೆ ಶುರು ಮಾಡಿದೆ. ಹೆಣ್ಣುಮಕ್ಕಳಿಗೆ ಮಾತ್ರ. ಮಂಡಿನೋವಿನವರು, ಸೊಂಟ ಹಿಡಿದವರು, ಬಾಣಂತಿಯರು. ಈಗ ನನ್ನ ಹೆಬ್ಬೆರಳಿನ ಕೀಲು ಮೊದಲಿನಂತೆ ಮಾತು ಕೇಳುವುದಿಲ್ಲ, ಅದಕ್ಕೇ ದಿನಕ್ಕೆ ಇಬ್ಬರಿಗಿಂತ ಹೆಚ್ಚು ಒಪ್ಪಿಕೊಳ್ಳಲ್ಲ. ಉಳಿದ ಹೊತ್ತು ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ಕಲಿಸುತ್ತೇನೆ. ಇಲ್ಲಿಯವರೆಗೆ ಏಳು ಜನ ಬಂದಿದ್ದಾರೆ, ನಾಲ್ವರು ನಿಂತಿದ್ದಾರೆ.

ನಮ್ಮೂರಿಗೆ ಮಾಲೀಶು ಹೊಸದಲ್ಲ. ದಾವಣಗೆರೆಯ ಗರಡಿಮನೆಗಳ ಹೆಸರು ಕೇಳದವರಿಲ್ಲ, ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡದವರೂ ಕಡಿಮೆ. ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿದ್ದ. ಸಂಜೆ ಗರಡಿಗೆ ಹೋಗುತ್ತಿದ್ದ. ಹೆಣ್ಣುಮಕ್ಕಳು ಗರಡಿಯೊಳಗೆ ಕಾಲಿಡುವ ಹಾಗಿರಲಿಲ್ಲ, ಹಾಗಾಗಿ ನಾನು ಕಂಡದ್ದಲ್ಲ, ಅವನು ಹೇಳಿ ಕೇಳಿದ್ದು. ಹೊಸ ಹುಡುಗರು ಮೊದಲು ಹಿರಿಯ ಪೈಲ್ವಾನರ ಮೈ ತಿಕ್ಕಬೇಕಿತ್ತಂತೆ. ವಸ್ತಾದರು ಪಕ್ಕದಲ್ಲೇ ಕೂತು ನೋಡುತ್ತಿದ್ದರಂತೆ. ಎಲ್ಲಾದರೂ ಪೆಟ್ಟಾಗಿ ಊದಿದ್ದರೆ "ಅಲ್ಲಿ ಮುಟ್ಬ್ಯಾಡ" ಅಂತ ಒಂದೇ ಮಾತು. ನನಗೆ ಈಗ ಅನ್ನಿಸುತ್ತದೆ, ಇಡೀ ವಿದ್ಯೆ ಆ ಒಂದು ಮಾತಿನಲ್ಲಿತ್ತು. ಹಾಗೆ ಹೇಳುವವರು ಪಕ್ಕದಲ್ಲಿ ಇದ್ದರು ಅನ್ನುವುದೂ ಅಷ್ಟೇ ದೊಡ್ಡದು.

ಇನ್ನು ಬಾಣಂತಿ, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಯರಂತೂ ಪ್ರತಿ ಓಣಿಯಲ್ಲೂ ಇದ್ದರು. ಸೊಸೆಯೋ ಮಗಳೋ ಹಿಂದೆ ನಿಂತು ನೋಡಿ ಕಲಿಯುತ್ತಿದ್ದಳು. ಈಗ ಹಾಗಿಲ್ಲ. ಕಲಿಯುವವಳು ಮೂರು ತಿಂಗಳ ಕೋರ್ಸು ಮುಗಿಸಿ, ಒಂದು ಸರ್ಟಿಫಿಕೇಟು ಹಿಡಿದು, ಮೊದಲ ದಿನವೇ ಒಬ್ಬಳೇ ಗೊತ್ತಿಲ್ಲದವರ ಮನೆಯ ಬಾಗಿಲು ತಟ್ಟುತ್ತಾಳೆ. ಒಳಗೆ ಏನು ಕಾದಿದೆಯೋ ಅವಳಿಗೂ ಗೊತ್ತಿಲ್ಲ, ಕಳಿಸಿದವರಿಗೂ ಗೊತ್ತಿಲ್ಲ.

ಹರಿಹರದ ಹುಡುಗಿ ಹತ್ತೂವರೆಗೆ ಬಂದಳು. ಕಥೆ ಇಷ್ಟು: ಚೊಚ್ಚಲ ಹೆರಿಗೆ, ಸಿಸೇರಿಯನ್, ಬಾಣಂತಿ ತವರಿನಲ್ಲಿದ್ದಾಳೆ. ಆವತ್ತಿಗೆ ಹನ್ನೆರಡನೇ ದಿನ. ಹೊಟ್ಟೆಗೆ ಕೈ ಹಚ್ಚದೆ ಬರೀ ಕೈಕಾಲು, ಬೆನ್ನು, ತಲೆಗೆ ಎಣ್ಣೆ ಹಚ್ಚುವುದೆಂದು ಡಾಕ್ಟರನ್ನು ಕೇಳಿಯೇ ಮಾತಾಗಿತ್ತು. ಇವಳು ಸೀರೆ ಮೇಲಕ್ಕೆ ಸರಿಸಿ ನೋಡುತ್ತಾಳೆ, ಎಡಗಾಲಿನ ಮೀನಖಂಡ ಬಲಗಾಲಿಗಿಂತ ದಪ್ಪ. ಮುಟ್ಟಿದರೆ ಬಿಸಿ. ಒತ್ತಿದರೆ ಬಾಣಂತಿ "ಹಾ" ಅಂದಳು. ಬಾಣಂತಿಯ ಅಜ್ಜಿ ಪಕ್ಕದಲ್ಲಿ ಕೂತು, "ಅಲ್ಲೇ ಸ್ವಲ್ಪ ಜೋರಾಗಿ ತಿಕ್ಕವ್ವ, ಊತ ಇಳೀತತಿ" ಅಂದರಂತೆ.

"ನಾನು ತಿಕ್ಕಲ್ಲ ಅಜ್ಜಿ, ಮೊದಲು ಡಾಕ್ಟರಿಗೆ ತೋರಿಸ್ರಿ ಅಂದೆ ಅಕ್ಕಾ. ಅದಕ್ಕೆ ಅವರು, ಮಾಲೀಶು ಮಾಡಾಕ ಬಂದೋಳು ಡಾಕ್ಟರಾದ್ಲಾ ಅಂದ್ರು. ದುಡ್ಡೂ ಕೊಡಲಿಲ್ಲ."

ಅವಳು ಮಾಡಿದ್ದು ಏಕೆ ಸರಿ ಅಂತ ಓದುಗರಿಗೂ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಹೆರಿಗೆಯಾದ ಮೇಲೆ ಆರು ವಾರ ಹೆಂಗಸರ ಮೈಯಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ಸಿಸೇರಿಯನ್ ಆಗಿ ಹೆಚ್ಚು ಓಡಾಡದೆ ಮಲಗಿದ್ದರೆ ಇನ್ನೂ ಹೆಚ್ಚು. ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೆ ಒಂದೇ ಕಾಲು ಊದುತ್ತದೆ, ನೋಯುತ್ತದೆ, ಬಿಸಿಯಾಗುತ್ತದೆ, ಕೆಲವೊಮ್ಮೆ ಕೆಂಪಾಗುತ್ತದೆ. ಅದನ್ನು ತಿಕ್ಕಿದರೆ ಆ ಗಡ್ಡೆ ಅಲ್ಲಿಂದ ಕಿತ್ತು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಬರಬಹುದು. ಎಲ್ಲ ಊತವೂ ಅದೇ ಅಲ್ಲ. ಆದರೆ ಅದು ಹೌದೋ ಅಲ್ಲವೋ ಅಂತ ನಮ್ಮ ಬೆರಳು ಹೇಳಲಾರದು, ಸ್ಕ್ಯಾನಿಂಗ್ ಹೇಳಬೇಕು.

ಮಾರನೇ ದಿನ ಸುದ್ದಿ ಬಂತು. ಮನೆಯವರು ಬೈದುಕೊಂಡೇ ಸಂಜೆ ಡಾಕ್ಟರ ಹತ್ತಿರ ಹೋಗಿದ್ದಾರೆ. ಕಾಲಿನ ಸ್ಕ್ಯಾನಿಂಗ್ ಆಗಿದೆ. ಹೆಪ್ಪುಗಟ್ಟಿಲ್ಲ. ಸ್ನಾಯು ಸೆಳೆತ, ಹೆದರಬೇಡಿ ಅಂದರಂತೆ. ಆ ಮನೆಯಿಂದ ಹುಡುಗಿಗೆ ಫೋನ್: "ನಮ್ಗ ಸುಮ್ನೆ ಎರಡು ಸಾವಿರ ಖರ್ಚು ಮಾಡಿಸಿದಿ. ಇನ್ನು ಬರಬ್ಯಾಡ."

ಮತ್ತೆ ಬಂದಳು. ಈ ಸಲ ಅತ್ತಳು. "ಅಕ್ಕಾ, ನಾನು ತಪ್ಪು ಮಾಡಿದ್ನಾ?"

ನೋಡಿ, ಹೆಪ್ಪುಗಟ್ಟಿದ್ದೇ ನಿಜವಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಶಭಾಷ್ ಅಂತ ಎಲ್ಲರೂ ಅನ್ನುತ್ತಿದ್ದರು. ಏನೂ ಇಲ್ಲ ಅಂತ ಆದಾಗ, ನೀನು ಮಾಡಿದ್ದು ಅಷ್ಟೇ ಸರಿ ಅಂತ ಅವಳಿಗೆ ನಂಬಿಸುವುದಿದೆಯಲ್ಲ, ಅದು ಕಷ್ಟ. ಇಲ್ಲದಿದ್ದರೆ ಮುಂದಿನ ಸಲ ಅವಳು ಹೆದರಿ ಕೈ ಹಚ್ಚಿಬಿಡುತ್ತಾಳೆ. ಅದಕ್ಕೇ ಆವತ್ತು, ಏಳು ಜನರಲ್ಲಿ ಯಾರಿಗೂ ಹೇಳದ ನನ್ನ ಕಥೆ ಹೇಳಿದೆ.

ಆಗ ನನಗೆ ಕೆಲಸಕ್ಕೆ ಸೇರಿ ಎರಡನೇ ತಿಂಗಳು. ಮಂಡಿನೋವು, ಪಾದದ ನೋವು ಅಂತ ಒಬ್ಬ ಅಜ್ಜಿ ಬಂದಿದ್ದರು. ಎಣ್ಣೆ ಹಚ್ಚಿ ಆಯಿತು, ಬಿಸಿ ಪೊಟ್ಟಲಿಯಿಂದ ಶಾಖ ಕೊಡುತ್ತಿದ್ದೆ. ಪಾದದ ಹತ್ತಿರ ಬಂದಾಗ ಅವರು, "ಇನ್ನೂ ಬಿಸಿ ಮಾಡವ್ವ, ಏನೂ ಗೊತ್ತಾಗ್ತಿಲ್ಲ" ಅಂದರು. ನಾನು ಪೊಟ್ಟಲಿಯನ್ನು ಮತ್ತೆ ಬಿಸಿ ಮಾಡಿದೆ. "ಏನೂ ಗೊತ್ತಾಗ್ತಿಲ್ಲ" ಅಂದರೆ ಬಿಸಿ ಸಾಲದು ಅಂತ ನಾನು ತಿಳಿದೆ. ಅವರಿಗೆ ಹದಿನೈದು ವರ್ಷದಿಂದ ಶುಗರ್ ಇತ್ತು. ಪಾದದ ಸ್ಪರ್ಶವೇ ಹೋಗಿತ್ತು. ಮಾರನೇ ದಿನ ಎರಡೂ ಪಾದದ ಮೇಲೆ ಬೊಕ್ಕೆ. ಶುಗರ್ ಇದ್ದವರ ಗಾಯ ಗೊತ್ತಲ್ಲ, ಮಾಯಲು ಎರಡು ತಿಂಗಳು ಹಿಡಿಯಿತು.

ಹೊಸಬಳಾದ ನನ್ನ ಪಕ್ಕದಲ್ಲಿ ಆವತ್ತು ಯಾರೂ ನಿಂತಿರಲಿಲ್ಲ. ಆದದ್ದು ಆದ ಮೇಲೆ ಹಿರಿಯ ಸಹೋದ್ಯೋಗಿ ಒಬ್ಬರು, "ಪೊಟ್ಟಲಿಯನ್ನ ಮೊದಲು ನಿನ್ನ ಮುಂಗೈ ಮೇಲೆ ಇಟ್ಟು ನೋಡಬೇಕಿತ್ತು" ಅಂದರು. ಒಂದು ಭಾನುವಾರ ನಾನು ಆ ಅಜ್ಜಿಯ ಮನೆ ಹುಡುಕಿಕೊಂಡು ಹೋದೆ. ಬೈಯಲಿ ಅಂತಲೇ ಹೋಗಿದ್ದೆ. ಅವರು ಚಾ ಕೊಟ್ಟರು. "ನೀನು ಕೇಳಿದ್ರೆ ಹೇಳ್ತಿದ್ದೆ ಕಣವ್ವ, ಶುಗರ್ ಐತೆ ಅಂತ. ನೀ ಕೇಳ್ಲಿಲ್ಲ" ಅಂದರು. ಅಷ್ಟೇ. ಆ ಚಾ ಗಂಟಲಲ್ಲಿ ಇಳಿಯಲಿಲ್ಲ.

ಕಥೆ ಮುಗಿಸಿ ಹುಡುಗಿಗೆ ಹೇಳಿದೆ: "ನಾನು ಕೇಳದೆ ಕೈ ಹಚ್ಚಿದೆ, ಒಬ್ಬರ ಕಾಲು ಸುಟ್ಟಿತು. ನೀನು ನೋಡಿ ಕೈ ಹಿಂದಕ್ಕೆ ತಗೊಂಡೆ, ಎರಡು ಸಾವಿರ ಹೋಯ್ತು. ಯಾವುದು ವಾಸಿ ನೀನೇ ಹೇಳು."

ಅಂದಿನಿಂದ ನನ್ನ ಹತ್ತಿರ ಕಲಿಯಲು ಬರುವವರಿಗೆ ಮೊದಲ ವಾರ ಎಣ್ಣೆ ಮುಟ್ಟಿಸುವುದಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ನು. ಜ್ವರ ಐತಾ? ಊಟ ಮಾಡಿ ಎಷ್ಟು ಹೊತ್ತಾಯ್ತು? ಬಿಪಿ, ಶುಗರ್? ರಕ್ತ ತೆಳುವಾಗೋ ಮಾತ್ರೆ ತಗೋತೀರಾ? ಆಪರೇಷನ್ ಆಗೈತಾ, ಎಲ್ಲಿ, ಯಾವಾಗ? ಬಸುರಿಯಾ? ಕಾಲಿನ ನರ ಉಬ್ಬಿದಾವಾ? ಚರ್ಮದ ಮೇಲೆ ಗಾಯ, ಕಜ್ಜಿ? ಇಷ್ಟು ಕೇಳಿ, ಬರೆದುಕೊಂಡು, ಆಮೇಲೆ ಕಣ್ಣಲ್ಲಿ ನೋಡಿ, ಕೊನೆಗೆ ಕೈ. ಇದೇನು ಇಂಗ್ಲಿಷ್ ಡಾಕ್ಟರರ ಹೊಸ ಪದ್ಧತಿಯಲ್ಲ. ಅಭ್ಯಂಗ ದಿನಾ ಮಾಡಿಕೊಳ್ಳಿ ಅಂತ ಹೊಗಳುವ ವಾಗ್ಭಟನ ಅಷ್ಟಾಂಗಹೃದಯವೇ, ಕಫ ಹೆಚ್ಚಿದವರಿಗೆ, ಅಜೀರ್ಣ ಆದವರಿಗೆ, ಆಗಷ್ಟೇ ಶೋಧನ ಮಾಡಿಸಿಕೊಂಡವರಿಗೆ ಬೇಡ ಅಂತ ಅಲ್ಲೇ ಹೇಳುತ್ತದೆ.

ಕೂಸಿಗೆ ನೀರು ಹಾಕುವ ವಿಷಯದಲ್ಲಂತೂ ಹೊಸ ಹುಡುಗಿಯರಿಗೆ ಅಜ್ಜಿಯರ ಜೊತೆ ಜಗಳ ತಪ್ಪಿದ್ದಲ್ಲ. ಮೂಗಿಗೆ, ಕಿವಿಗೆ ಎಣ್ಣೆ ಬಿಡು ಅನ್ನುತ್ತಾರೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕೂಸಿಗೆ ನ್ಯುಮೋನಿಯಾ ಆಗಬಹುದು. ಎದೆಯಲ್ಲಿ ಹಾಲಿದೆ, ಹಿಂಡು ಅನ್ನುತ್ತಾರೆ. ತಾಯಿಯ ಹಾರ್ಮೋನಿನಿಂದ ಹುಟ್ಟಿದ ಕೂಸಿನ ಎದೆ ಊದುವುದು ಸಹಜ, ಮುಟ್ಟದಿದ್ದರೆ ತಾನೇ ಇಳಿಯುತ್ತದೆ, ಹಿಂಡಿದರೆ ಕೀವಾಗುತ್ತದೆ. ಹೊಕ್ಕುಳ ಬಳ್ಳಿ ಬೀಳುವ ತನಕ ಅದು ಒಣಗಿರಬೇಕು, ಎಣ್ಣೆ, ಬೂದಿ ಯಾವುದೂ ಬೇಡ. ಹುಟ್ಟಿದ ಮೊದಲ ಇಪ್ಪತ್ನಾಲ್ಕು ಗಂಟೆ ಸ್ನಾನವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹೇಳುವಾಗ ಮಾತ್ರ ಜಗಳವಾಡಬಾರದು. "ಅಜ್ಜಿ, ನೀವು ಹೇಳೋದು ಹೌದು, ಆದ್ರೆ ಮಕ್ಕಳ ಡಾಕ್ಟರನ್ನ ಒಂದು ಮಾತು ಕೇಳಿ, ಆಮೇಲೆ ಮಾಡ್ತೀನಿ" ಅನ್ನಬೇಕು. ಕೇಳಿ ಬರುವಷ್ಟರಲ್ಲಿ ಅರ್ಧ ಜಗಳ ಮುಗಿದಿರುತ್ತದೆ.

ಆಮೇಲೆ ನಿಮ್ಮ ಮೈಯನ್ನೂ ನೋಡಿಕೊಳ್ಳಿ ಅಂತ ಹೇಳುತ್ತೇನೆ. ಕೈ ಇಳಿಬಿಟ್ಟು ನಿಂತರೆ ಬೆರಳ ಗೆಣ್ಣು ಮೇಜಿಗೆ ತಾಗುವಷ್ಟು ಎತ್ತರ ಇರಲಿ. ಹೆಬ್ಬೆರಳಿನಿಂದ ಒತ್ತಬೇಡಿ, ಮೈಭಾರವನ್ನು ಅಂಗೈ ಮೇಲೆ ಬಿಡಿ. ಕೈಕಾಲಿಗೆ ಉದ್ದಕ್ಕೆ, ಕೀಲಿಗೆ ಸುತ್ತಲೂ. ದಿನಕ್ಕೆ ನಾಲ್ಕು ಜನರ ಮೇಲೆ ಬೇಡ. ನಾನು ಇದನ್ನೆಲ್ಲ ಹೆಬ್ಬೆರಳು ಕೆಟ್ಟ ಮೇಲೆ ಕಲಿತೆ.

ಇನ್ನೊಂದು ವಿಷಯ ಬರೆಯದೆ ಇರಲಾರೆ. "ಮಸಾಜ್" ಅಂದ ಕೂಡಲೇ ಕೆಲವರ ಮುಖದಲ್ಲಿ ಒಂದು ನಗೆ ಬರುತ್ತದೆ. ನನ್ನ ಹತ್ತಿರ ಕಲಿತ ಒಬ್ಬಳು ದೊಡ್ಡ ಸಂಬಳದ ಆಸೆಗೆ ಬೆಂಗಳೂರಿನ ಒಂದು ಕಡೆ ಸೇರಿದಳು. ಅಲ್ಲಿ ಗಂಡಸರಿಗೂ ಮಾಡಬೇಕಿತ್ತು. ಒಬ್ಬ ಗಿರಾಕಿ ಕೆಟ್ಟದಾಗಿ ನಡೆದುಕೊಂಡ, ಇವಳು ಅರ್ಧಕ್ಕೇ ಎದ್ದು ಬಂದಳು. ಮಾಲೀಕರು ಆ ದಿನದ ಸಂಬಳ ಹಿಡಿದರು. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್. "ಗಂಟು ಕಟ್ಟು, ಬೆಳಿಗ್ಗೆ ರೈಲಿಗೆ ಬಾ" ಅಂದೆ. ಈಗ ಇಲ್ಲೇ ಇದ್ದಾಳೆ. ಅವಳಿಗೆ ಆಗ ಗೊತ್ತಿರಲಿಲ್ಲ, ನಾನೂ ಹೇಳಿಕೊಟ್ಟಿರಲಿಲ್ಲ, ಆ ತಪ್ಪು ನನ್ನದು: 2013ರ ಕಾನೂನಿನ ಪ್ರಕಾರ ಕೆಲಸದ ಜಾಗದಲ್ಲಿ ಗಿರಾಕಿ ಕಿರುಕುಳ ಕೊಟ್ಟರೂ ದೂರು ಕೊಡಬಹುದು. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ, ಮೂರು ತಿಂಗಳೊಳಗೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ಎರಡು ನಂಬರು, ಕೆಳಗೆ ನನ್ನದು.

ಊದಿದ ಕಾಲಿನ ಮುಂದೆ ಆಗಲಿ, ಕೆಟ್ಟ ಕೈಯ ಮುಂದೆ ಆಗಲಿ, "ಇಲ್ಲ, ನಾನು ಮಾಡಲ್ಲ" ಅನ್ನುವ ಮಾತು ಹೊಸ ಹುಡುಗಿಯ ಬಾಯಿಂದ ತಾನಾಗಿ ಬರುವುದಿಲ್ಲ. ಮನೆಯಲ್ಲಿ ಸಾಲ ಇರುತ್ತದೆ, ತಿಂಗಳ ಕಂತು ಇರುತ್ತದೆ, ಎದುರಿಗೆ ದೊಡ್ಡವರು ಕೂತಿರುತ್ತಾರೆ. ಬೇಡ ಅಂದು ಬಂದರೂ ಅಕ್ಕ ಬೈಯಲ್ಲ, ನಾಳೆ ಇನ್ನೊಂದು ಮನೆ ಹುಡುಕಿಕೊಡ್ತಾಳೆ ಅನ್ನುವ ಗಟ್ಟಿ ಇದ್ದರೆ ಮಾತ್ರ ಬರುತ್ತದೆ. ತಿಕ್ಕುವುದನ್ನು ಮೂರು ತಿಂಗಳಲ್ಲಿ ಯಾರಾದರೂ ಕಲಿಸಬಹುದು. ಹಿಂದೆ ನಿಲ್ಲುವುದೇ ಕಲಿಸುವವರ ಕೆಲಸ ಅಂತ ನನಗೆ ತಡವಾಗಿ ಗೊತ್ತಾಯಿತು.

ಕೊನೆಗೆ ಓದುಗರಲ್ಲಿ ಎರಡು ಕೋರಿಕೆ. ಮನೆಗೆ ಎಣ್ಣೆ ಹಚ್ಚುವವಳನ್ನು ಕರೆದಾಗ, ಅವಳು ಕೇಳಲಿ ಬಿಡಲಿ, ನಿಮ್ಮ ಕಾಯಿಲೆ, ಮಾತ್ರೆ, ಆಪರೇಷನ್ ಎಲ್ಲ ನೀವೇ ಹೇಳಿ. ಎರಡನೆಯದು, ಅವಳು ನೋಡಿ "ಇವತ್ತು ಬೇಡ, ಡಾಕ್ಟರಿಗೆ ತೋರಿಸಿ" ಅಂದರೆ ಆವತ್ತಿನ ದುಡ್ಡು ಕೊಟ್ಟು ಕಳಿಸಿ. ಅವಳು ಬಸ್ಸಿಗೆ ಖರ್ಚು ಮಾಡಿ ಬಂದಿದ್ದಾಳೆ, ನೋಡಿದ್ದಾಳೆ, ಯೋಚನೆ ಮಾಡಿದ್ದಾಳೆ. ಆ ಕೆಲಸಕ್ಕೂ ಕೂಲಿ ಇದೆ.

ಹರಿಹರದ ಹುಡುಗಿಗೆ ಆ ಮನೆ ಮತ್ತೆ ಸಿಗಲಿಲ್ಲ. ಬೇರೆ ಐದು ಮನೆ ಇವೆ. ಮೊನ್ನೆ ಮತ್ತೆ ಬೆಳಿಗ್ಗೆಯೇ ಫೋನ್ ಮಾಡಿದ್ದಳು. "ಅಕ್ಕಾ, ಇಲ್ಲೊಬ್ಬರಿಗೆ ಬಿಪಿ ನೂರಾ ಎಂಬತ್ತು ಐತೆ, ಮಾತ್ರೆ ಬಿಟ್ಟಿದಾರಂತೆ. ನಾನು ಬೇಡ ಅಂದೆ."

"ದುಡ್ಡು?"

"ಕೊಟ್ರು. ಚಾನೂ ಕೊಟ್ರು."

ಈ ಸಲ ನಾನು ಮೊದಲು ಒಲೆ ಆರಿಸಿ, ಆಮೇಲೆ ಮಾತಾಡಿದೆ.