ಹತ್ತಿಯ ಹಂಗು

ಆಂಗ್ಲರು ಬರದಿದ್ದರೆ ನವಲಗುಂದದ ಎರೀಹೊಲಗಳಲ್ಲಿ ಹತ್ತಿಯಾದರೂ ಎಲ್ಲಿ ಬೆಳೆಯುತ್ತಿತ್ತು ಎಂದು ಕೇಳುವ ಸುಶಿಕ್ಷಿತರು ನಮ್ಮಲ್ಲಿ ಇನ್ನೂ ಇದ್ದಾರೆ. ಬೆಳೆಯುತ್ತಿತ್ತು, ಮಹನೀಯರೇ! ಕುಮಟೆಯ ಬಂದರದಿಂದ ಹಡಗೇರುತ್ತಿದ್ದುದರಿಂದ ಪೇಟೆಯಲ್ಲಿ 'ಕುಮಟಾ' ಎನಿಸಿಕೊಂಡ ಜವಾರಿ ಹತ್ತಿ ನಮ್ಮದೇ. ಅದರ ಎಳೆ ನಮ್ಮ ಕೈಮಗ್ಗಕ್ಕೆ ಸಾಕಾಗಿತ್ತು. ಲಂಕಾಶಾಯರದ ಗಿರಣಿಗೆ ಗಿಡ್ಡಾಯಿತು. 1840ರ ದಶಕದಲ್ಲಿ ಕಂಪನಿ ಸರಕಾರವು ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ತರಿಸಿ ಬಿತ್ತಿಸಿತು. ಬೆಳೆ ಬಂದಿತು, ಒಪ್ಪುತ್ತೇನೆ. ಬೆಲೆಯ ಹಗ್ಗ ಮಾತ್ರ ಲಿವರ್‌ಪೂಲಿನವರ ಕೈ ಸೇರಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು. ಇಲ್ಲಿ ದರ ಮುಗಿಲಿಗೇರಿತು. 1865ರಲ್ಲಿ ಯುದ್ಧ ನಿಂತಿತು; ದರ ಮಗುಚಿ ಬಿದ್ದಿತು. ಎಲ್ಲಿಯೋ ಗುಂಡು ಹಾರಿದರೆ ಅಣ್ಣಿಗೇರಿಯ ಒಕ್ಕಲಿಗ ಸಾವಕಾರ, ನಿಂತರೆ ಸಾಲಗಾರ! ಆದರೂ 1870ರ ದಶಕದ ಮರುಮೋಜಣಿಯಲ್ಲಿ ಕಂದಾಯ ಏರಿತು. ಬೆನ್ನಿಗೇ 1876ರ ಬರ. ಜೋಳದಂತೆ ಹತ್ತಿಯನ್ನು ಹಗೇವಿನಲ್ಲಿಟ್ಟು ಉಣ್ಣಲಾದೀತೆ?

ಫಿಲಿಪ್ಪೈನ್ಸನ್ನು ಆಳಿದ ಅಮೆರಿಕವು ಅಲ್ಲಿಯ ಸಕ್ಕರೆಯನ್ನು ತನ್ನ ಪೇಟೆಗೆ ಕಟ್ಟಿಹಾಕಿತೆಂದು ಮರುಗುತ್ತೇವೆ, ಮರುಗಬೇಕಾದದ್ದೇ. ನಮ್ಮನ್ನು ಅಮೆರಿಕ ಆಳಲಿಲ್ಲ. ಅದರ ಬೀಜವೂ ಅದರ ಯುದ್ಧವೂ ಆಂಗ್ಲರ ಕೈಯಿಂದ ನಮ್ಮನ್ನು ಆಳಿದವು.

ಆಂಗ್ಲರು ಹೋದರು. 1980ರ ಜುಲೈ 21ರಂದು ನವಲಗುಂದ, ನರಗುಂದದ ರೈತರು ಎದ್ದುದು ಏತಕ್ಕೆ? ಹತ್ತಿಯ ಬೆಲೆ ಬಿದ್ದಿತ್ತು. ಮಲಪ್ರಭೆಯ ನೀರು ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಕೇಳಿದ್ದರು. ಆಗಲೂ ಗುಂಡು ಹಾರಿತು, ಈ ಸಲ ನಮ್ಮೂರಲ್ಲಿಯೇ. ಈ ಎರಡು ಸಂಗತಿಗಳನ್ನು ಒಂದೇ ಪಾಠದಲ್ಲಿಟ್ಟ ಪಠ್ಯಪುಸ್ತಕ ನನಗಿನ್ನೂ ಸಿಕ್ಕಿಲ್ಲ.